ಹಳೆಯ ಪ್ಲೇನಾರ್ ಹೆಡ್‌ಫೋನ್‌ಗಳು: ಸಂಗ್ರಹ ಮತ್ತು ಮಾರ್ಪಾಡು

ಪ್ಲೇನಾರ್ ಮ್ಯಾಗ್ನೆಟಿಕ್ ಹೆಡ್‌ಫೋನ್ ಎಂದರೆ ಚಪ್ಪಟೆಯಾದ ತೆಳು ಪೊರೆಯನ್ನು ಆಯಸ್ಕಾಂತಗಳ ನಡುವೆ ಕಂಪಿಸುವಂತೆ ಮಾಡಿ ಧ್ವನಿ ಹೊರಡಿಸುವ ಹೆಡ್‌ಫೋನ್. 1970ರ ದಶಕದಲ್ಲಿ ಜಪಾನ್, ಬ್ರಿಟನ್ ಮತ್ತು ಜರ್ಮನಿಯ ಕೆಲವು ಕಂಪನಿಗಳು ಇವನ್ನು ತಯಾರಿಸಿದವು. 1980ರ ದಶಕ ಮುಗಿಯುವ ಹೊತ್ತಿಗೆ ಅಂಗಡಿಗಳಿಂದ ಇವು ಹೆಚ್ಚುಕಡಿಮೆ ಮರೆಯಾದವು. 2000ರ ನಂತರ ಹವ್ಯಾಸಿಗಳು ಹಳೆಯ ಪ್ರತಿಗಳನ್ನು ಹುಡುಕಿ, ಬಿಚ್ಚಿ, ಒಳಗಿನ ಭರ್ತಿ ಬದಲಿಸಿ ಮತ್ತೆ ಬಳಕೆಗೆ ತಂದರು. ಈ ಹವ್ಯಾಸದಲ್ಲಿ ಒಂದು ತೊಡಕಿದೆ. ಹೊಸ ಬಿಡಿಭಾಗ ಎಲ್ಲೂ ಸಿಗುವುದಿಲ್ಲವಾದ್ದರಿಂದ, ಅವಸರದಲ್ಲಿ ಹಾಳಾದ ಪ್ರತಿಯೊಂದು ಜೊತೆಯೂ ಜಗತ್ತಿನಲ್ಲಿ ಉಳಿದಿರುವ ಸಂಖ್ಯೆಯಿಂದ ಒಂದು ಕಳೆದಂತೆಯೇ.

ಕೆಲಸ ಮಾಡುವ ಬಗೆ

ಸಾಮಾನ್ಯ ಹೆಡ್‌ಫೋನಿನಲ್ಲಿ ಚಿಕ್ಕದೊಂದು ತಂತಿಯ ಸುರುಳಿ ಇರುತ್ತದೆ. ಅದು ಶಂಕುವಿನಾಕಾರದ ಪೊರೆಯನ್ನು ಒಂದು ಕಡೆಯಿಂದ ಮಾತ್ರ ತಳ್ಳುತ್ತದೆ. ರೇಡಿಯೋ ಸ್ಪೀಕರ್ ಬಿಚ್ಚಿ ನೋಡಿದವರಿಗೆ ಇದು ಗೊತ್ತು. ಪ್ಲೇನಾರ್‌ನಲ್ಲಿ ಸುರುಳಿಯೇ ಇಲ್ಲ. ತಲೆಗೂದಲಿಗಿಂತ ಎಷ್ಟೋ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಗೆರೆ ಹಾವಿನ ನಡೆಯಂತೆ ಅಥವಾ ಸುತ್ತುಸುತ್ತಾಗಿ ಹರಡಿರುತ್ತದೆ. ಹಾಳೆಯ ಎರಡೂ ಬದಿಗೆ ತೂತು ಕೊರೆದ ಆಯಸ್ಕಾಂತಗಳು. ಗೆರೆಯಲ್ಲಿ ವಿದ್ಯುತ್ ಹರಿದಾಗ ಹಾಳೆಯ ಬಹುಭಾಗ ಒಟ್ಟಿಗೆ ಹಿಂದೆಮುಂದೆ ಚಲಿಸುತ್ತದೆ, ತೂತುಗಳ ಮೂಲಕ ಧ್ವನಿ ಹೊರಬರುತ್ತದೆ.

ಇದರಿಂದ ಎರಡು ಪರಿಣಾಮ. ಮೊದಲನೆಯದು, ವಿದ್ಯುತ್ ಪ್ರತಿರೋಧ ಎಲ್ಲ ಸ್ವರಗಳಿಗೂ ಬಹುತೇಕ ಒಂದೇ ಆಗಿರುತ್ತದೆ. ಎರಡನೆಯದು ಅಷ್ಟು ಒಳ್ಳೆಯದಲ್ಲ. ಆಗ ದೊರೆಯುತ್ತಿದ್ದುದು ಫೆರೈಟ್ ಆಯಸ್ಕಾಂತ. ಅದರ ಬಲ ಕಡಿಮೆ, ತೂಕ ಹೆಚ್ಚು. ಪ್ರಬಲವಾದ ನಿಯೋಡಿಮಿಯಂ ಆಯಸ್ಕಾಂತ ಬಂದದ್ದು 1980ರ ದಶಕದಲ್ಲಿ. ಹಾಗಾಗಿ ಹಳೆಯ ಪ್ಲೇನಾರ್‌ಗಳಿಗೆ ಮೊಬೈಲ್ ಫೋನ್ ಸಾಲುವುದಿಲ್ಲ, ಪ್ರತ್ಯೇಕ ಆಂಪ್ಲಿಫೈಯರ್ ಬೇಕು. ಮೊಬೈಲಿಗೆ ಸಿಕ್ಕಿಸಿ ಸದ್ದು ಸಣ್ಣಗಿದೆ, ಹೆಡ್‌ಫೋನ್ ಕೆಟ್ಟಿದೆ ಎಂದು ತೀರ್ಮಾನಿಸಿ ಮಾರಿಬಿಟ್ಟವರೂ ಉಂಟು.

ಮುಖ್ಯ ಮಾದರಿಗಳು

ಸಂಗ್ರಾಹಕರು ಮೊದಲು ಹೆಸರಿಸುವುದು ಜಪಾನಿನ ಯಮಹಾ ಕಂಪನಿಯ ಎಚ್‌ಪಿ-1. 1976ರಲ್ಲಿ ಬಂದ ಇದರ ಹೊರರೂಪವನ್ನು ರಚಿಸಿದವರು ಇಟಲಿಯ ಮಾರಿಯೋ ಬೆಲ್ಲೀನಿ. ಒಲಿವೆಟ್ಟಿ ಕಂಪನಿಯ ಲೆಕ್ಕ ಯಂತ್ರಗಳಿಗೂ ಯಮಹಾದ ಕ್ಯಾಸೆಟ್ ಡೆಕ್‌ಗೂ ರೂಪ ಕೊಟ್ಟವರು ಇವರೇ. ಯಮಹಾ ತನ್ನ ತಂತ್ರಕ್ಕೆ ಆರ್ಥೋಡೈನಮಿಕ್ ಎಂದು ಹೆಸರಿಟ್ಟಿತು. ಇಂದಿಗೂ ಹವ್ಯಾಸಿಗಳ ಬಾಯಲ್ಲಿ ಹಳೆಯ ಪ್ಲೇನಾರ್ ಎಂದರೆ 'ಆರ್ಥೋ'. ಎಚ್‌ಪಿ-1ರ ಹಿಂದೆಯೇ ಅಗ್ಗದ ಎಚ್‌ಪಿ-2, ಎಚ್‌ಪಿ-3 ಬಂದವು, ನಂತರ ವೈಎಚ್ ಸಾಲಿನ ಮಾದರಿಗಳು. ಇವುಗಳಲ್ಲಿ ವೈಎಚ್-1000 ತೀರ ಅಪರೂಪ, ಬೆಲೆಯೂ ಹಾಗೆಯೇ.

ಜಪಾನಿನದೇ ಆದ ಫೋಸ್ಟೆಕ್ಸ್ ಇನ್ನೊಂದು ದೊಡ್ಡ ಹೆಸರು. ಫಾಸ್ಟರ್ ಎಲೆಕ್ಟ್ರಿಕ್ ಕಂಪನಿಯ ಈ ಬ್ರ್ಯಾಂಡ್ 1973ರಲ್ಲಿ ಆರಂಭವಾಯಿತು. ಅದರ ಟಿ50 ಸಾಲಿನ ವಿಶೇಷವೆಂದರೆ, ಬೇರೆಯವರು ಕೈಬಿಟ್ಟ ಮೇಲೂ ಸ್ಟುಡಿಯೋಗಳಿಗಾಗಿ ಫೋಸ್ಟೆಕ್ಸ್ ಪ್ಲೇನಾರ್ ತಯಾರಿಕೆಯನ್ನು ಉಳಿಸಿಕೊಂಡಿತು. ಬ್ರಿಟನ್ನಿನ ವಾರ್ಫ್‌ಡೇಲ್ ಐಸೋಡೈನಮಿಕ್, ಜರ್ಮನಿಯ ಪೀರ್‌ಲೆಸ್ ಎಂಬಿ ಕಂಪನಿಯ ಪಿಎಂಬಿ ಮಾದರಿಗಳೂ 70ರ ದಶಕದವೇ. ಸೋವಿಯತ್ ಒಕ್ಕೂಟದಲ್ಲಿ 80ರ ದಶಕದಲ್ಲಿ ಟಿಡಿಎಸ್-5 ಮತ್ತು ಟಿಡಿಎಸ್-7 ತಯಾರಾದವು. ಸೋವಿಯತ್ ಪ್ರತಿಗಳು ಕಡಿಮೆ ಬೆಲೆಗೆ ಸಿಗುತ್ತಿದ್ದುದರಿಂದ ಹೊಸಬರು ಇವುಗಳ ಮೇಲೆ ಕೈ ಪಳಗಿಸಿಕೊಂಡರು. ಆದರೆ ಅವುಗಳ ಐದು ಕಡ್ಡಿಯ ಡಿನ್ ಪ್ಲಗ್ ಈಗಿನ ಉಪಕರಣಗಳಿಗೆ ಹೊಂದುವುದಿಲ್ಲ, ಪ್ಲಗ್ ಬದಲಿಸಲೇಬೇಕು.

ಕೊಳ್ಳುವಾಗ ನೋಡಬೇಕಾದ್ದು

ನಲವತ್ತು ಐವತ್ತು ವರ್ಷದ ವಸ್ತುವಿನಲ್ಲಿ ಕಿವಿಯ ಮೆತ್ತೆ ಪುಡಿಯಾಗಿರುವುದು, ಒಳಗಿನ ಸ್ಪಂಜು ಅಂಟು ಪಾಯಸದಂತಾಗಿರುವುದು ಸಹಜ. ಇದಕ್ಕೆ ಹೆದರಬೇಕಿಲ್ಲ. ಮೆತ್ತೆ ಹೊಸದು ಹಾಕಬಹುದು, ತಂತಿ ಬದಲಿಸಬಹುದು, ತಲೆಪಟ್ಟಿ ಹೊಲಿಸಬಹುದು. ಬದಲಿಸಲಾಗದ್ದು ಪೊರೆ ಒಂದೇ. ಹಣ ಕೊಡುವುದು ಅದಕ್ಕೆ.

ಪೊರೆಯ ಆರೋಗ್ಯ ತಿಳಿಯಲು ಸಾಧಾರಣ ಮಲ್ಟಿಮೀಟರ್ ಸಾಕು. ಸುರುಳಿ ಇಲ್ಲದ ಕಾರಣ ಮೀಟರ್ ತೋರಿಸುವ ಓಮ್ ಸಂಖ್ಯೆ ಕಂಪನಿ ಹೇಳಿದ ಸಂಖ್ಯೆಗೆ ಹತ್ತಿರವೇ ಇರಬೇಕು. ಎಚ್‌ಪಿ-1ಕ್ಕೆ ಅದು 150, ಫೋಸ್ಟೆಕ್ಸ್ ಟಿ50ಆರ್‌ಪಿಗೆ 50. ಎಡ ಬಲ ಎರಡೂ ಸಮ ಇರಬೇಕು. ಮೀಟರ್ ಏನೂ ತೋರಿಸದಿದ್ದರೆ ಮೊದಲು ತಂತಿಯನ್ನು ಪ್ಲಗ್‌ನ ಬಳಿ ಅಲ್ಲಾಡಿಸಿ ನೋಡಬೇಕು. ಎಷ್ಟೋ ಸಲ ತುಂಡಾಗಿರುವುದು ತಂತಿ, ಪೊರೆಯ ಗೆರೆಯಲ್ಲ. ದೂರದಿಂದ ಕೊಳ್ಳುವವರು ಎರಡೂ ಕಡೆಯ ಮೀಟರ್ ಫೋಟೋ ಕೇಳುವುದು ಒಳ್ಳೆಯದು. 'ಸದ್ದು ಬರುತ್ತದೆ' ಎಂಬ ಮಾತು ಸಾಲದು. ಪೊರೆ ಸುಕ್ಕಾಗಿ ಆಯಸ್ಕಾಂತಕ್ಕೆ ತಾಗುತ್ತಿದ್ದರೂ ಸದ್ದು ಬರುತ್ತದೆ, ತಗ್ಗು ಸ್ವರಗಳಲ್ಲಿ ಕಾಗದ ಉಜ್ಜಿದಂತೆ ಕೇಳುತ್ತದೆ.

ಮಾರ್ಪಾಡು ಏಕೆ, ಹೇಗೆ

ಹಳೆಯ ಪ್ಲೇನಾರ್‌ಗಳ ಪೊರೆ ಒಳ್ಳೆಯದು, ಅದನ್ನು ಕೂರಿಸಿದ ಬಟ್ಟಲು ಅಷ್ಟಕ್ಕಷ್ಟೆ. ಪೊರೆಯ ಹಿಂಭಾಗದಿಂದಲೂ ಅಷ್ಟೇ ಧ್ವನಿ ಹೊರಟು ಪ್ಲಾಸ್ಟಿಕ್ ಗೋಡೆಗೆ ಬಡಿದು ಮರಳುತ್ತದೆ. ಅಡಚಣೆಯಿಲ್ಲದ ಪೊರೆ ಒಂದು ಸ್ವರದಲ್ಲಿ ಗಂಟೆಯಂತೆ ಮಿಡಿಯುತ್ತಲೇ ಇರುತ್ತದೆ. ಹೀಗಾಗಿ ಮಾರ್ಪಾಡು ಎಂದರೆ ಬಹುತೇಕ ಈ ಹಿಂಭಾಗದ ಗಾಳಿಯನ್ನು ಹದಗೊಳಿಸುವ ಕೆಲಸ. ಮೃದಂಗದ ಬಲದ ಕಡೆ ಕರಣೆ, ಎಡದ ಕಡೆ ರವೆ ಹಚ್ಚಿ ನಾದ ಹದಗೊಳಿಸುವುದನ್ನು ಕಂಡವರಿಗೆ ತತ್ವ ಹೊಸದಲ್ಲ: ಬಿಟ್ಟರೆ ಕೂಗುತ್ತದೆ, ಅತಿಯಾದರೆ ಮೂಕಾಗುತ್ತದೆ.

ಮೊದಲ ಹೆಜ್ಜೆ ಕಿವಿಯ ಮೆತ್ತೆ. ಹೊಸ ಮೆತ್ತೆಯ ಆಳ, ತೂತಿನ ಅಗಲ, ಹೊದಿಕೆ ಚರ್ಮದ್ದೋ ವೆಲ್ವೆಟ್ಟಿನದ್ದೋ ಎಂಬುದರ ಮೇಲೆ ಧ್ವನಿ ಬಹಳ ಬದಲಾಗುತ್ತದೆ. ಮೆತ್ತೆ ಮತ್ತು ಬಟ್ಟಲಿನ ನಡುವೆ ಗಾಳಿ ಸೋರಿದರೆ ತಗ್ಗು ಸ್ವರ ಮಾಯ. ಅನೇಕರು ದೊಡ್ಡ ದೋಷವೆಂದು ಬಿಚ್ಚಿ ಹುಡುಕಿದ್ದು ಕೊನೆಗೆ ಈ ಸೋರಿಕೆಯೇ ಆಗಿರುತ್ತದೆ.

ಎರಡನೆಯದು ಬಟ್ಟಲಿನ ಒಳಭರ್ತಿ. ಹತ್ತಿ, ಉಣ್ಣೆ, ಫೆಲ್ಟ್ ಬಟ್ಟೆ ಇದಕ್ಕೆ ಬಳಕೆಯಾಗುತ್ತವೆ. ಬಟ್ಟಲಿನ ಗೋಡೆ ನಡುಗದಂತೆ ಒಳಗೆ ಮಕ್ಕಳ ಆಟದ ಜೇಡಿಯಂಥ ಪ್ಲಾಸ್ಟಿಸೀನ್ ಅಥವಾ ಬ್ಲೂ ಟ್ಯಾಕ್ ಮೆತ್ತುವುದುಂಟು. ಹಾಗೆ ಮಾಡಿದಾಗ ತೂಕ ಹೆಚ್ಚುತ್ತದೆ, ಬೇಸಿಗೆಯಲ್ಲಿ ಮೆತ್ತಗಾಗಿ ಜಾರಲೂಬಹುದು. ನಮ್ಮ ಕಡೆಯ ಸೆಕೆಗೆ ಇದು ಲೆಕ್ಕಕ್ಕೆ ಬರುವ ಮಾತು.

ಮೂರನೆಯದೇ ನಿಜವಾದ ಕೈಚಳಕ. ಆಯಸ್ಕಾಂತದ ಹಿಂಬದಿಯ ತೂತುಗಳ ಮೇಲೆ ಫೆಲ್ಟ್ ತುಂಡನ್ನೋ, ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚಲು ಸಿಗುವ ಕಾಗದದ ಟೇಪನ್ನೋ ಅಂಟಿಸಿ ಗಾಳಿಯ ಓಡಾಟ ನಿಧಾನಗೊಳಿಸುತ್ತಾರೆ. ಒಂದು ಪದರ ಹೆಚ್ಚಾದರೂ ಕಿವಿಗೆ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಡಬಲಕ್ಕೆ ಒಂದೇ ಅಳತೆ, ಮಾಡಿದ್ದನ್ನೆಲ್ಲ ಬರೆದಿಡುವುದು ಎಂಬುದು ಅನುಭವಿಗಳ ಕ್ರಮ. ಸಣ್ಣ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝರ್ಡ್ ತಂತ್ರಾಂಶದಿಂದ ಅಳತೆ ತೆಗೆಯುವವರೂ ಇದ್ದಾರೆ. ಕಿವಿ ಹೊಸದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ, ಆದ್ದರಿಂದ ಅಳತೆ ಇದ್ದರೆ ಒಳಿತು.

ಕೈ ಇಡಬಾರದ ಕಡೆ

ಪೊರೆಯ ಕೋಣೆಯನ್ನೇ ಬಿಚ್ಚುವುದು ಅಪಾಯದ ಕೆಲಸ. ಎರಡು ಆಯಸ್ಕಾಂತಗಳು ಒಂದನ್ನೊಂದು ದೂಡುವಂತೆ ಜೋಡಿಸಿದ್ದರೆ ಕೊನೆಯ ಸ್ಕ್ರೂ ಸಡಿಲವಾದೊಡನೆ ಜಿಗಿಯುತ್ತವೆ. ಕಬ್ಬಿಣದ ಸ್ಕ್ರೂ ಡ್ರೈವರ್ ಕೈತಪ್ಪಿ ಸೆಳೆಯಲ್ಪಟ್ಟರೆ ಪೊರೆ ಹರಿಯುವುದು ಕ್ಷಣದ ಮಾತು. ಆಯಸ್ಕಾಂತವಲ್ಲದ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಸಲಕರಣೆ ಬಳಸಬೇಕು. ಮೇಜಿನ ಮೇಲೆ ಕಬ್ಬಿಣದ ಪುಡಿ ಇರಬಾರದು, ಒಂದು ಕಣ ಒಳಸೇರಿದರೆ ಪ್ರತಿ ಸ್ವರಕ್ಕೂ ಕರಕರ ಎನ್ನುತ್ತದೆ. ಬಟ್ಟಲಿಗೆ ತೂತು ಕೊರೆಯುವುದಾದರೆ ಪೊರೆಯನ್ನು ಮೊದಲು ಹೊರಗೆ ತೆಗೆದಿಡಬೇಕು.

ಗೆರೆ ತುಂಡಾದರೆ ಕಾಯಿಸಿದ ಬೆಸುಗೆ ಕಡ್ಡಿ ಹತ್ತಿರ ತರುವಂತಿಲ್ಲ, ಪ್ಲಾಸ್ಟಿಕ್ ಕರಗುತ್ತದೆ. ಅಲ್ಯೂಮಿನಿಯಂ ಗೆರೆಗೆ ಸಾಮಾನ್ಯ ಬೆಸುಗೆ ಹಿಡಿಯುವುದೂ ಇಲ್ಲ. ಬೆಳ್ಳಿಯ ಕಣ ಬೆರೆಸಿದ, ವಿದ್ಯುತ್ ಹರಿಯುವ ಬಣ್ಣ ಹಚ್ಚಿ ಕೆಲವರು ಜೋಡಿಸುತ್ತಾರೆ. ಹಾಗೆ ಸರಿಮಾಡಿದ್ದನ್ನು ಮಾರುವಾಗ ಹೇಳದಿರುವುದು ಮೋಸವೇ ಸರಿ.

ಯಾವುದನ್ನು ಮಾರ್ಪಡಿಸಬಹುದು, ಯಾವುದನ್ನು ಬಿಡಬೇಕು ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಎಚ್‌ಪಿ-1, ವೈಎಚ್-1000ದಂಥವನ್ನು ಕತ್ತರಿಸುವುದು, ಕೊರೆಯುವುದು ಸರಿಯಲ್ಲ. ಅಂಟಿಸಿದ್ದನ್ನು ಮತ್ತೆ ಕೀಳಬಹುದಾದ ಕೆಲಸ ಮಾತ್ರ ಅವುಗಳಿಗೆ ಸಾಕು. ಹೊಸ ಬಟ್ಟಲು, ಮರದ ಕಪ್ ಎಂಬ ಪ್ರಯೋಗಗಳಿಗೆ ಸುಲಭವಾಗಿ ಸಿಗುವ ಟಿ50ಆರ್‌ಪಿ ಇದೆ.

ಹವ್ಯಾಸದಿಂದ ಉದ್ಯಮ

ಟಿ50ಆರ್‌ಪಿ ಮೇಲಿನ ಪ್ರಯೋಗಗಳು ಹಲವರ ಬದುಕನ್ನೇ ಬದಲಿಸಿದವು. ಅಮೆರಿಕದ ಡ್ಯಾನ್ ಕ್ಲಾರ್ಕ್ ಇದನ್ನೇ ಮಾರ್ಪಡಿಸಿ ಮಿಸ್ಟರ್ ಸ್ಪೀಕರ್ಸ್ ಹೆಸರಿನಲ್ಲಿ ಮ್ಯಾಡ್ ಡಾಗ್ ಮಾದರಿ ಮಾರಿದರು, ನಂತರ 3ಡಿ ಮುದ್ರಣದ ಬಟ್ಟಲಿರುವ ಆಲ್ಫಾ ಡಾಗ್ ತಂದರು, ಕೊನೆಗೆ ಸ್ವಂತ ಪೊರೆಯ ಹೆಡ್‌ಫೋನ್ ತಯಾರಿಸಿದರು. 2019ರಲ್ಲಿ ಕಂಪನಿಯ ಹೆಸರು ಡ್ಯಾನ್ ಕ್ಲಾರ್ಕ್ ಆಡಿಯೋ ಎಂದಾಯಿತು. ಮರದ ಬಟ್ಟಲಿನ ಹೆಡ್‌ಫೋನ್‌ಗಳಿಗೆ ಹೆಸರಾದ ಝಡ್‌ಎಂಎಫ್ ಕೂಡ ಇದೇ ಟಿ50ಆರ್‌ಪಿ ಮಾರ್ಪಾಡಿನಿಂದ ಆರಂಭವಾದದ್ದು. ಆಡೀಝ್, ಹೈಫೈಮ್ಯಾನ್ ಕಂಪನಿಗಳು 2009ರ ಆಸುಪಾಸಿನಲ್ಲಿ ಹೊಸ ಪ್ಲೇನಾರ್‌ಗಳನ್ನು ತಂದವು. ಬಹುಕಾಲ ಸುಮ್ಮನಿದ್ದ ಯಮಹಾ ಕೂಡ ವೈಎಚ್-5000ಎಸ್‌ಇ ಮೂಲಕ 2022-23ರಲ್ಲಿ ಆರ್ಥೋಡೈನಮಿಕ್ ಹೆಸರನ್ನು ಮತ್ತೆ ಹೊರತೆಗೆಯಿತು.

ಕಾಪಾಡುವ ಬಗೆ

ಸ್ಪಂಜಿಗೆ ದೊಡ್ಡ ಶತ್ರು ತೇವ. ಕಾಸರಗೋಡು, ಗೋವಾದಂಥ ಕರಾವಳಿಯಲ್ಲಿ, ಮಳೆಗಾಲದ ವಯನಾಡು, ನೀಲಗಿರಿಯಲ್ಲಿ ತೆರೆದ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಸ್ಕ್ರೂಗೆ ತುಕ್ಕು ಬರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಅದನ್ನು ಆಗಾಗ ಬದಲಿಸುವುದು ಸಾಕು. ಬಟ್ಟಲಿನಲ್ಲಿ ಕರಗಿದ ಹಳೆಯ ಸ್ಪಂಜನ್ನು ಹಾಗೇ ಬಿಡಬಾರದು. ಅದು ಪೊರೆಯ ಮೇಲೆ ಬಿದ್ದರೆ ಅಂಟಿಕೊಳ್ಳುತ್ತದೆ, ಕೀಳಹೋದರೆ ಗೆರೆಯೂ ಜೊತೆಗೆ ಏಳುತ್ತದೆ. ತೆಗೆದ ಮೂಲ ಭಾಗಗಳನ್ನು, ಮೆತ್ತೆಯ ಚೂರಾದರೂ ಸರಿ, ಚೀಟಿ ಬರೆದು ಅದೇ ಡಬ್ಬಿಯಲ್ಲಿಡುವುದು ರೂಢಿ. ಮುಂದೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.