ನಮ್ಮ ಸೀಮೆಯ ಮಣ್ಣಿನ ಮನೆಗಳು ಮತ್ತು ನಾಳೆಯ ಅತಿಥಿಗಳು

ಸಹಕಾರ ಎಂದ ಕೂಡಲೇ ನಮಗೆಲ್ಲ ಸಾಲ, ಗೊಬ್ಬರ, ಷೇರು ಹಣ ನೆನಪಿಗೆ ಬರುತ್ತವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ಈ ನಾಡಿನ ಸಹಕಾರ ಚಳವಳಿ ಆರಂಭವಾಯಿತೆಂದು ಓದಿದ್ದೇವೆ. ಕಾನೂನಿನ ಮಟ್ಟಿಗೆ ಅದು ಸರಿ. ಆದರೆ ಅದಕ್ಕೂ ಮುಂಚೆಯೇ ನಮ್ಮ ಹಿರೀಕರು ರಿಜಿಸ್ಟರು, ರಸೀದಿ ಯಾವುದೂ ಇಲ್ಲದೆ ಸಹಕಾರ ನಡೆಸಿದ್ದರು. ಅದಕ್ಕೆ ಮುಯ್ಯಿ ಅಂತಾರೆ. ಇವತ್ತು ನಿಮ್ಮ ಗೋಡೆಗೆ ನಾವು ಮಣ್ಣು ತುಳಿದರೆ, ನಾಳೆ ನಮ್ಮ ಸೂರಿಗೆ ನೀವು ಹುಲ್ಲು ಹೊದಿಸಬೇಕು. ಹಾಗೆ ಎದ್ದ ಮನೆಗಳ ಚರಿತ್ರೆಯನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬರೆದಿಡಲು ಒಂದು ಕಾರಣವಿದೆ. ಬೆಟ್ಟ, ಕಾಡು, ಹೊಳೆ ನೋಡಲು ಪಟ್ಟಣದಿಂದ ಬರುವವರಿಗೆ ನಮ್ಮ ಕಡೆ ವಸತಿಗೃಹಗಳು ಏಳುತ್ತಿವೆ. ಅವು ಹೇಗಿರಬೇಕೆಂಬ ಮಾತಿನಲ್ಲಿ ಊರಿನವರಾದ ನಮಗೂ ಪಾಲಿರಬೇಕು.

ಮಣ್ಣು, ಕಲ್ಲು, ಹುಲ್ಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾದವು; 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಬದಲಾದರೂ ನೆಲ ಬದಲಾಗಿಲ್ಲ. ಎತ್ತ ನೋಡಿದರೂ ಬಂಡೆ, ಬಂಡೆಯ ಬುಡದಲ್ಲಿ ಕೆಮ್ಮಣ್ಣು. ಮನೆಗಳೂ ಅದರಿಂದಲೇ ಆದವು. ಕಲ್ಲಿನ ತಳಪಾಯ, ಅದರ ಮೇಲೆ ಕಲಸಿ ತುಳಿದ ಮಣ್ಣಿನ ದಪ್ಪ ಗೋಡೆ. ಒಂದು ವರಸೆ ಒಣಗಿದ ಮೇಲೆಯೇ ಮುಂದಿನ ವರಸೆ. ನೆಲಕ್ಕೆ ಸಗಣಿ, ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು. ಉಳ್ಳವರದು ನಡುವೆ ಬೆಳಕು ಬೀಳುವ ತೊಟ್ಟಿಮನೆ, ಮೇಲೆ ನಾಡಹೆಂಚು. ಇಲ್ಲದವರದು ಹುಲ್ಲಿನ ಸೂರು. ಕಲ್ಲು ಹತ್ತಿರ ಸಿಗುವ ಕಡೆ ಚಪ್ಪಡಿಯನ್ನೇ ಮಾಡಿಗೆ ಹಾಸಿದರು. ಬಿದ್ದ ಮನೆಯ ಮಣ್ಣು ಹೊಲಕ್ಕೆ ಹೋಗುತ್ತಿತ್ತು, ತೊಲೆ ಜಂತೆ ಮತ್ತೊಂದು ಮನೆಗೆ ಏರುತ್ತಿದ್ದವು. ಕಸವೆಂದು ಉಳಿಯುತ್ತಿದ್ದುದು ಬಹಳ ಕಡಿಮೆ.

ಈ ಮನೆಗಳ ಗುಣವನ್ನು ನಮ್ಮ ರೇಷ್ಮೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ 24, 25 ಡಿಗ್ರಿಯ ತಂಪು ಬೇಕು. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತದೆ. ಅಷ್ಟರಲ್ಲಿ ಸಂಜೆಯಾಗಿ ಹೊರಗೆ ತಣ್ಣಗಾಗಿರುತ್ತದೆ. ತಗಡಿನ ಶೀಟು ಹಾಕಿದವರು ಬೇಸಿಗೆಯಲ್ಲಿ ಅದರ ಮೇಲೆ ತೆಂಗಿನ ಗರಿ ಹೊದಿಸಿ ನೀರು ಚಿಮುಕಿಸಬೇಕಾಗುತ್ತದೆ. ಹುಳು ಬದುಕುವ ಮನೆಯಲ್ಲಿ ಮನುಷ್ಯನಿಗೂ ಫ್ಯಾನಿನ ಅಗತ್ಯ ಕಡಿಮೆ.

ಇರುಳಿಗರ ಗುಡಿಸಲು

ರಾಮನಗರ, ಮಾಗಡಿ, ಕನಕಪುರದ ಕಾಡಂಚಿನಲ್ಲಿ ಬಾಳಿದ ಇರುಳಿಗರ ಗುಡಿಸಲು ಇನ್ನೂ ಹಗುರ. ಬಿದಿರಿನ ತಡಿಕೆ, ಮೆತ್ತಿದ ಮಣ್ಣು, ಮೇಲೆ ಹುಲ್ಲು. ಬಂಡೆ ಒಡೆಯದೆ, ನೆಲ ಮಟ್ಟ ಮಾಡದೆ, ಇರುವ ನೆಲಕ್ಕೇ ಮನೆ ಹೊಂದಿಕೊಳ್ಳುತ್ತಿತ್ತು. ಪರಿಸರಸ್ನೇಹಿ ವಸತಿ ಎಂದು ಈಗ ಕರೆಯುವುದರ ಮೂಲ ಪಾಠ ಇದೇ.

ಆದರೆ ಒಂದು ಮಾತನ್ನು ಮರೆಮಾಚಬಾರದು. ಗುಡಿಸಲು ಅವರು ಇಷ್ಟಪಟ್ಟು ಆರಿಸಿಕೊಂಡ ಸೊಗಸಲ್ಲ. ಹುಲ್ಲಿಗೆ ಬೆಂಕಿಯ ಭಯ, ತಡಿಕೆಗೆ ಗೆದ್ದಲು, ಮಳೆಗಾಲದಲ್ಲಿ ಸೋರುವ ಸೂರು, ಒಳಗೆಲ್ಲ ಹೊಗೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಈ ಜನ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಭೂಮಿ ಕೇಳುವುದೂ, ಗಟ್ಟಿ ಮನೆ ಕೇಳುವುದೂ ನ್ಯಾಯವೇ. ಗುಡಿಸಲಲ್ಲಿ ಹುಟ್ಟಿದವನು ತಾರಸಿ ಮನೆ ಬೇಕು ಅಂದರೆ ನಗುವುದು, ಅದೇ ಗುಡಿಸಲಿನ ನಕಲನ್ನು ಪಟ್ಟಣದವರಿಗೆ ದುಬಾರಿ ಬಾಡಿಗೆಗೆ ಕೊಡುವುದು, ಇದು ಯಾವ ನ್ಯಾಯ?

ಬರಿಯ ವೇಷ ಬೇಡ

ರಾಮದೇವರ ಬೆಟ್ಟದ ತಪ್ಪಲಲ್ಲಿ 1973ರಲ್ಲಿ ‘ಶೋಲೆ’ ಚಿತ್ರಕ್ಕಾಗಿ ಒಂದು ಊರನ್ನೇ ನಿಲ್ಲಿಸಿದ್ದರು. ಚಿತ್ರ 1975ರಲ್ಲಿ ತೆರೆಕಂಡಿತು. ಆ ಊರು ಉಳಿಯಲಿಲ್ಲ. ಸಿನಿಮಾದ ಊರು ಕಣ್ಣಿಗೆ ಕಂಡರೆ ಸಾಕು. ಅತಿಥಿಗಳ ಮನೆಗೆ ಅಷ್ಟು ಸಾಲದು. ಒಳಗೆ ಕಾಂಕ್ರೀಟು ತುಂಬಿ, ಹೊರಗೆ ಕೆಮ್ಮಣ್ಣು ಬಳಿದು, ತಲೆ ಮೇಲೆ ಒಂದು ಹಿಡಿ ಹುಲ್ಲು ಇಟ್ಟರೆ ಅದು ಹಳ್ಳಿಮನೆಯಾಗದು.

ಸರಿಯಾದ ದಾರಿ ತೋರಿದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಕೇಂದ್ರ ಆರಂಭವಾಯಿತು. ಮಾಗಡಿಗೆ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಹಳ್ಳಿ ಕೇಂದ್ರವಿತ್ತು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿದ್ಯೆಯನ್ನು ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಬೆಳೆಸಿದರು. ಇದನ್ನು ಸುಡಬೇಕಾಗಿಲ್ಲ, ಆದ್ದರಿಂದ ಗೂಡಿಗೆ ಮರ ಕಡಿಯಬೇಕಾಗಿಲ್ಲ, ಮಳೆಗೂ ಕರಗದು. ಹಳೇ ಮನೆಯ ತಂಪು, ಹೊಸ ಮನೆಯ ಗಟ್ಟಿತನ ಎರಡೂ ಇದರಲ್ಲಿ ಸಿಗುತ್ತವೆ. ಅತಿಥಿಗೃಹಕ್ಕಷ್ಟೇ ಅಲ್ಲ, ನಮ್ಮ ಮನೆಗೂ, ಇರುಳಿಗರ ಮನೆಗೂ ಇದು ಆದೀತು.

ಎಲ್ಲಿ ಕಟ್ಟಬಾರದು ಎಂಬುದೂ ಅಷ್ಟೇ ಮುಖ್ಯ. ರಾಮದೇವರ ಬೆಟ್ಟದ ಕೋಡುಗಲ್ಲುಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆಂದು 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮವೆಂದು ಘೋಷಿಸಿತು. ಅಂಥ ಬಂಡೆಗಳ ಬುಡದಲ್ಲಿ ಸಿಡಿಮದ್ದು, ರಾತ್ರಿಯ ದೀಪ, ಮೈಕು ಸಲ್ಲವು.

ಸಂಘದ ಮುಂದಿರುವ ಕೆಲಸ

ಹಾಗಾದರೆ ನಾವೇನು ಮಾಡಬಹುದು? ಊರಲ್ಲಿ ಬೀಗ ಬಿದ್ದಿರುವ ಹಳೇ ಮನೆಗಳನ್ನು ಕೆಡವದೆ ರಿಪೇರಿ ಮಾಡಿ, ಒಂದೆರಡು ಕೋಣೆಯನ್ನು ಬಂದವರಿಗೆ ಕೊಡಬಹುದು. ಹೊಸದು ಕಟ್ಟಿದರೆ ಮರಕ್ಕಿಂತ ಎತ್ತರ ಬೇಡ. ಮಾಡಿನ ಮಳೆನೀರು ತೊಟ್ಟಿಗೆ, ಬಚ್ಚಲ ನೀರು ಬಾಳೆಗಿಡಕ್ಕೆ ಹೋಗಲಿ. ಊಟಕ್ಕೆ ನಮ್ಮ ರಾಗಿ, ಅವರೆ. ಮಕ್ಕಳ ಕೈಗೆ ಚನ್ನಪಟ್ಟಣದ ಗೊಂಬೆ. ಹಳೇ ಕಾಲದ ಮನೆಬಳಕೆಯ ವಸ್ತುಗಳನ್ನು ನೋಡಬೇಕೆಂದವರಿಗೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹತ್ತಿರವೇ ಇದೆ. ಇದಕ್ಕೆ ಒಬ್ಬೊಬ್ಬರೇ ಸಾಲ ಮಾಡಿ ಸಿಕ್ಕಿಬೀಳುವ ಬದಲು ಸಂಘದ ಮೂಲಕ ಸಣ್ಣದಾಗಿ ಆರಂಭಿಸುವುದು ಮೇಲು. ಗೋಡೆ ಕಟ್ಟಬಲ್ಲ ಹಿರಿಯರಿಗೂ, ಬಿದಿರು ಹೆಣೆಯಬಲ್ಲ ಇರುಳಿಗ ಬಂಧುಗಳಿಗೂ ಬರಿಯ ಕೂಲಿಯಲ್ಲ, ಷೇರು ಸಿಗಬೇಕು.

ಮಣ್ಣು ತುಳಿಯಲು ಬಲ್ಲ ಕೈಗಳು ಊರಿನಲ್ಲಿ ಕಡಿಮೆಯಾಗುತ್ತಿವೆ. ಅವು ಇರುವಾಗಲೇ ಕಿರಿಯರು ಕಲಿತುಕೊಂಡರೆ ವಿದ್ಯೆ ಉಳಿದೀತು. ಮುಂದಿನ ಮಹಾಸಭೆಯಲ್ಲಿ ಸದಸ್ಯ ಬಂಧುಗಳು ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇವೆ.