ದೇವರಿಂದ ದೂರವಾದದ್ದು ಯಾರ ಪಾಪದಿಂದ?

ಮನುಷ್ಯ ಮಾತು ತಪ್ಪಿದ, ದೇವರು ತಪ್ಪಲಿಲ್ಲ. ಕ್ರೈಸ್ತ ಪಾಪವಿಚಾರದ ತಿರುಳು ಇಷ್ಟೇ. ಆದಿಕಾಂಡದಲ್ಲಿ ತೋಟದಿಂದ ಹೊರಬಿದ್ದವರ ಕತೆಯೂ, ಬಿಟ್ಟುಹೋದ ಹೆಂಡತಿಯನ್ನು ಮರಳಿ ಕರೆತರುವ ಪ್ರವಾದಿ ಹೋಶೇಯನ ಕತೆಯೂ ಹೇಳುವುದು ಇದನ್ನೇ. ಐದನೇ ಶತಮಾನದ ಆರಂಭದಲ್ಲಿ ಅಗಸ್ಟೀನ್ ಇದನ್ನು ಹುಟ್ಟಿನಿಂದಲೇ ಅಂಟಿಬರುವ ಮೂಲಪಾಪದ ಸಿದ್ಧಾಂತವಾಗಿ ಬಿಗಿಗೊಳಿಸಿದ. ಆ ಸಿದ್ಧಾಂತ ಹಡಗು ಹತ್ತಿ ತೆಲುಗು ಕರಾವಳಿಗೆ ಇಳಿದ ಮೇಲೆ ಏನಾಯಿತು ಎಂಬುದೇ ನನಗೆ ಹೆಚ್ಚು ಕುತೂಹಲದ ವಿಷಯ.

1805ರಲ್ಲಿ ಲಂಡನ್ ಮಿಶನ್ನಿನ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ದೆ ಗ್ರಾಂಜ್ ವಿಶಾಖಪಟ್ಟಣಕ್ಕೆ ಬಂದರು. ಅದೇ ಮಿಶನ್ನಿನ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆ ವರ್ಷ ಮುಗಿಯುವ ಹೊತ್ತಿಗೆ ವಿಶಾಖಪಟ್ಟಣದ ಇಬ್ಬರೂ ತೀರಿಕೊಂಡಿದ್ದರು. ಆನಂದರಾಯರೆಂಬವರ ನೆರವಿನಿಂದ ಅವರು ತೆಲುಗಿಗೆ ತಂದ ಮೂರು ಸುವಾರ್ತೆಗಳು 1812ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದವು. ಆಗಿನ ಬೋಧನೆಯೆಲ್ಲ ಒಬ್ಬೊಬ್ಬರ ಆತ್ಮದ ಲೆಕ್ಕ: ನೀನು ಪಾಪಿ, ಪಶ್ಚಾತ್ತಾಪಪಡು. ಒಲಿದವರು ಬೆರಳೆಣಿಕೆಯಷ್ಟು.

ಅದೇ ಮಾತು ಶ್ರೀಕಾಕುಳಂ ಸೀಮೆಯ ಪುರುಷೋತ್ತಮ ಚೌಧರಿಯವರ (1803–1890) ಬಾಯಲ್ಲಿ ಬೇರೆಯೇ ಆಯಿತು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ 1833ರಲ್ಲಿ ದೀಕ್ಷಾಸ್ನಾನ ಪಡೆದ ಅವರು ರಾಗ ತಾಳ ಕೂಡಿಸಿ ಕೀರ್ತನೆಗಳನ್ನು ಕಟ್ಟಿದರು. ದಾಸರ ಪದ ಕೇಳಿ ಬೆಳೆದ ನಮಗೆ ಅವುಗಳ ದೈನ್ಯ ಹೊಸದಲ್ಲ. ಕರಪತ್ರಗಳ ಕೈಲಾಗದ್ದನ್ನು ಹಾಡು ಸಾಧಿಸಿತು. ತೆಲುಗು ಚರ್ಚುಗಳಲ್ಲಿ ಅವನ್ನು ಇಂದಿಗೂ ಹಾಡುತ್ತಾರೆ.

ದಿಕ್ಕು ಬದಲಾದದ್ದು ವಿಜಯವಾಡದ ಕಡೆ. ರಾಘವಾಪುರದ ವೆಂಕಯ್ಯ ಅಸ್ಪೃಶ್ಯರೆನಿಸಿದ ಮಾಲ ಸಮುದಾಯದವನು. ವಿಗ್ರಹಗಳನ್ನು ಬಿಟ್ಟು, ದೊಡ್ಡ ದೇವರು ಯಾರೆಂದು ಹುಡುಕುತ್ತಿದ್ದವನಿಗೆ ಚರ್ಚ್ ಮಿಶನರಿ ಸೊಸೈಟಿಯ ಡಾರ್ಲಿಂಗ್ ಸಿಕ್ಕರು. 1859ರಲ್ಲಿ ಬಂಧುಗಳೊಂದಿಗೆ ದೀಕ್ಷೆ ಪಡೆದ. ಮುಂದೆ ಕೇರಿಗೆ ಕೇರಿಯೇ ಬರತೊಡಗಿತು. ಇವರನ್ನು ದೇವರಿಂದ ದೂರವಿಟ್ಟದ್ದು ಇವರ ಪಾಪವೋ, ಊರಿನ ಪಾಪವೋ? ಈ ಪ್ರಶ್ನೆಯನ್ನು ಮಿಶನರಿಗಳ ದೇವಶಾಸ್ತ್ರ ನೇರವಾಗಿ ಎತ್ತಿಕೊಳ್ಳಲಿಲ್ಲ.

ಎತ್ತಿಕೊಂಡವರು ಕವಿ, ಅದೂ ಚರ್ಚಿನ ಹೊರಗೆ ನಿಂತು. ಕ್ರೈಸ್ತ ಮನೆಯಲ್ಲಿ ಹುಟ್ಟಿದ ಗುರ್ರಂ ಜಾಷುವಾ ಅವರ ‘ಗಬ್ಬಿಲಂ’ (1941) ಕಾವ್ಯದಲ್ಲಿ, ಗುಡಿಯೊಳಗೆ ಕಾಲಿಡಲಾಗದ ದಲಿತ ಬಾವಲಿಯ ಮೂಲಕ ಕಾಶಿಯ ಶಿವನಿಗೆ ತನ್ನ ಅಳಲು ಹೇಳಿಕಳಿಸುತ್ತಾನೆ. ದೇವರು ಅಗಲಿಲ್ಲ, ಅವನೂ ಅಗಲಿಲ್ಲ. ನಡುವೆ ಜಾತಿ ನಿಂತಿದೆ. ದೇವಶಾಸ್ತ್ರಜ್ಞರು ಇಲ್ಲಿಗೆ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. 1985ರ ಕಾರಂಚೇಡು ದಲಿತ ಹತ್ಯಾಕಾಂಡದ ನಂತರ ಆಂಧ್ರದಲ್ಲಿ ಜಾತಿಯನ್ನು ಬದಿಗಿಟ್ಟು ಪಾಪದ ಮಾತಾಡುವುದು ಕಷ್ಟವಾಯಿತು.

ಹಳೆಯ ದಾರಿಯೂ ಮುಚ್ಚಿಲ್ಲ. ವಿಜಯವಾಡದ ಗುಣದಲ ಮಾತೆಯ ಬೆಟ್ಟಕ್ಕೆ ಪ್ರತಿ ಫೆಬ್ರವರಿಯಲ್ಲಿ ಜನ ಹರಕೆ ಹೊತ್ತು ಬರುತ್ತಾರೆ, ಮುಡಿ ಕೊಡುತ್ತಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ಮತ್ತೆ ಒಬ್ಬೊಬ್ಬರ ಪಶ್ಚಾತ್ತಾಪದ್ದೇ ಮಾತು. ದಲಿತ ದೇವಶಾಸ್ತ್ರ ಒಬ್ಬಂಟಿ ಮನಸ್ಸಿನ ತಪ್ಪೊಪ್ಪಿಗೆಗೆ ಕೊಟ್ಟ ಜಾಗ ಕಡಿಮೆಯಾಯಿತು ಎಂಬುದು ನನ್ನ ತಕರಾರು. ಆದರೆ ಅದು ತೋರಿಸಿದ ಪಾಪ ಚರ್ಚಿನೊಳಗೂ ಇತ್ತು. ಭಾರತದ ದಲಿತರೊಬ್ಬರು ಕಾರ್ಡಿನಲ್ ಆದದ್ದು 2022ರಲ್ಲಿ: ಕರ್ನೂಲು ಜಿಲ್ಲೆಯಲ್ಲಿ ಹುಟ್ಟಿದ, ಹೈದರಾಬಾದಿನ ಆರ್ಚ್‌ಬಿಷಪ್ ಪೂಲ ಆಂಥೋನಿ. ಅವರೇ ಮೊದಲಿಗರು.