ಗೋಡೆಯ ಫಲಕದಿಂದ ಅಂಗೈಯ ಫಲಕದವರೆಗೆ

ಬೆಳಗಿನ ಹೊತ್ತು ಡೊಂಬಿವಲಿ ನಿಲ್ದಾಣದ ಮೆಟ್ಟಿಲಿಳಿದು ಪ್ಲಾಟ್‌ಫಾರ್ಮಿಗೆ ಬಂದು ನಿಂತವರನ್ನು ಒಮ್ಮೆ ನೋಡಿ. ಹಿಂದೆ ಎಲ್ಲರ ಕತ್ತೂ ಮೇಲಕ್ಕೆ ಚಾಚಿರುತ್ತಿತ್ತು. ಮೇಲೆ ತೂಗುತ್ತಿದ್ದ ಇಂಡಿಕೇಟರಿನಲ್ಲಿ ಮುಂದಿನ ಗಾಡಿ ಫಾಸ್ಟೋ ಸ್ಲೋವೋ, ಕಲ್ಯಾಣದಿಂದ ತುಂಬಿಕೊಂಡು ಬರುವುದೋ ಡೊಂಬಿವಲಿಯಿಂದಲೇ ಹೊರಡುವುದೋ ಎಂದು ನೋಡುವುದು ನಮ್ಮ ದಿನದ ಮೊದಲ ಕೆಲಸವಾಗಿತ್ತು. ಇಂದು ಹೆಚ್ಚಿನವರ ಕತ್ತು ಕೆಳಕ್ಕೆ ಬಾಗಿದೆ. ಫಲಕ ಅಂಗೈಗೆ ಇಳಿದುಬಂದಿದೆ. ಕತ್ತು ಮೇಲಿನಿಂದ ಕೆಳಗೆ ತಿರುಗಲು ಹಿಡಿದ ಕಾಲವೆಷ್ಟು, ಅದನ್ನು ತಿರುಗಿಸಿದವರು ಯಾರು, ಇದರಿಂದ ಯಾರಿಗೆ ಒಳಿತಾಯಿತು, ಯಾರು ಹೊರಗುಳಿದರು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಗಾಡಿಯೊಳಗೇ ಅರ್ಧ ಆಯುಷ್ಯ ಕಳೆದ ನಮಗೆ ಇದು ಹೊರಗಿನವರ ಚರಿತ್ರೆಯಲ್ಲ, ಮನೆಯ ಚರಿತ್ರೆಯೇ ಸರಿ.

ಎರಡು ಗಡಿಯಾರಗಳ ಊರು

1853ರ ಏಪ್ರಿಲ್ 16ರಂದು ಮಧ್ಯಾಹ್ನ ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕರ ಗಾಡಿ ಬಂದು ನಿಂತದ್ದು ನಮ್ಮ ಥಾಣೆಯಲ್ಲಿ. ಹದಿನಾಲ್ಕು ಡಬ್ಬಿ, ಸುಮಾರು 400 ಆಮಂತ್ರಿತರು, 34 ಕಿಲೋಮೀಟರು ದಾರಿ. ಮರುವರ್ಷ ಹಳಿ ಖಾಡಿಯನ್ನು ದಾಟಿ ಕಲ್ಯಾಣವನ್ನು ಮುಟ್ಟಿತು. ಡೊಂಬಿವಲಿಗೆ ನಿಲ್ದಾಣ ದೊರೆಯಲು 1887ರವರೆಗೆ ಕಾಯಬೇಕಾಯಿತು. ನವಿ ಮುಂಬಯಿಯಂತೂ ನಮ್ಮ ಕಣ್ಣೆದುರೇ ಹುಟ್ಟಿದ ಕೂಸು. ಸಿಡ್ಕೋ ಸಂಸ್ಥೆ ಹುಟ್ಟಿದ್ದು 1970ರಲ್ಲಿ, ಖಾಡಿಯ ಮೇಲಿನ ಸೇತುವೆಯಿಂದ ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ, ಥಾಣೆಗೂ ವಾಶಿಗೂ ನೇರ ಗಾಡಿ ಓಡಿದ್ದು 2004ರಲ್ಲಿ.

ಗಾಡಿಯ ಜೊತೆಗೆ ಬಂದ ಇನ್ನೊಂದು ವಸ್ತು ಗಡಿಯಾರ. 1906ರಲ್ಲಿ ಭಾರತಕ್ಕೆಲ್ಲ ಒಂದೇ ಕಾಲಮಾನ ಜಾರಿಗೆ ಬಂದಾಗ ಮುಂಬಯಿಯ ಜನ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಅದಕ್ಕಿಂತ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ ಎಂಬುದನ್ನು ಅವರು ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಬಿಡದೆ ನಡೆಸಿಕೊಂಡು ಬಂದರು. ನಿಲ್ದಾಣದಲ್ಲಿ ಒಂದು ವೇಳೆ, ಪೇಟೆಯಲ್ಲಿ ಇನ್ನೊಂದು! ಗಾಡಿ ಹೊರಡುವ ಹೊತ್ತು ಗೊತ್ತಿದ್ದರೆ ಸಾಲದು, ಅದು ಯಾರ ಗಡಿಯಾರದ ಹೊತ್ತು ಎಂಬುದೂ ಗೊತ್ತಿರಬೇಕಿತ್ತು. ಸುದ್ದಿ ಇರುವುದು ಬೇರೆ, ಅದು ಬೇಕಾದವನ ಕೈಗೆ ಅವನಿಗೆ ತಿಳಿಯುವಂತೆ ಸಿಗುವುದು ಬೇರೆ ಎಂಬ ಪಾಠ ನಮ್ಮ ಭಾಗದಲ್ಲಿ ಅಷ್ಟು ಹಳೆಯದು.

ಬಾಯಿಯೇ ಬೋರ್ಡು

ದಕ್ಷಿಣ ಕನ್ನಡದಿಂದ ಹೊಟೇಲು ಕೆಲಸಕ್ಕೆ, ಉತ್ತರ ಕರ್ನಾಟಕದಿಂದ ಗಿರಣಿಗೆ, ಬ್ಯಾಂಕಿಗೆ, ಸರಕಾರಿ ಕಚೇರಿಗೆ ಬಂದ ನಮ್ಮವರು ಫೋರ್ಟು, ಮಾಟುಂಗಾ, ದಾದರುಗಳಲ್ಲಿ ಖೋಲಿ ಸಿಗದೆ ಹೋದಾಗ ಹಳಿಯ ಗುಂಟ ಸರಿಯುತ್ತ ಥಾಣೆಗೆ, ಡೊಂಬಿವಲಿಗೆ, ಕಲ್ಯಾಣಕ್ಕೆ ಬಂದು ನೆಲೆಸಿದರು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದ್ದು ಹೀಗೆ ನೆಲೆಸಿದ ಸಂಸಾರಗಳ ಬಲದಿಂದಲೇ. ಆ ದಿನಗಳಲ್ಲಿ ಸುದ್ದಿಯ ಸಾಧನವೆಂದರೆ ಮನುಷ್ಯನ ಬಾಯಿ. ಗಾಡಿ ಎಲ್ಲಿ ನಿಂತಿದೆ, ಊರಿನಿಂದ ಯಾರು ಬಂದಿದ್ದಾರೆ, ಯಾವ ಹೊಟೇಲಿನಲ್ಲಿ ಕೆಲಸವಿದೆ, ಯಾವ ಚಾಳಿನಲ್ಲಿ ಖೋಲಿ ಖಾಲಿಯಾಗಿದೆ ಎಂಬುದೆಲ್ಲ ದಿನವೂ ಒಂದೇ ಡಬ್ಬಿಯಲ್ಲಿ ನಿಲ್ಲುವ ಗುಂಪಿನಲ್ಲಿ ಹರಡುತ್ತಿತ್ತು. ಪಾಸ್ ತೆಗೆಸಿಕೊಂಡವನಿಗೆ ಪ್ರಯಾಣದ ಜೊತೆಗೆ ಒಂದು ಸಂಸಾರವೂ ಸಿಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಕಾದಿರಿಸಿ ಗಂಟೆಗಟ್ಟಲೆ ಕೂಡಬೇಕಾಗಿತ್ತು. ಎಂಬತ್ತರ ದಶಕದ ಕೊನೆಗೆ ಬೀದಿಬೀದಿಗೂ ಹಳದಿ ಬೋರ್ಡಿನ ಎಸ್‌.ಟಿ.ಡಿ. ಬೂತುಗಳು ಬಂದಾಗ ಆ ಕಷ್ಟ ಹಗುರಾಯಿತು. ಈ ಬೂತುಗಳ ಪರವಾನಗಿ ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತೆಂಬುದನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ಹೊಸ ಯಂತ್ರವೊಂದು ಬಳಸುವವರಿಗೆ ಅನುಕೂಲ ಮಾಡುವುದರೊಡನೆ ನಡೆಸುವವನ ಮನೆಯ ಒಲೆಯನ್ನೂ ಉರಿಸಬಲ್ಲದು ಎಂಬುದಕ್ಕೆ ಗಾಜಿನ ಆ ಸಣ್ಣ ಗೂಡು ಸಾಕ್ಷಿ.

1995ರಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡು ಸಂಗತಿಗಳು ನಡೆದವು. ಜುಲೈ 31ರಂದು ದೇಶದ ಮೊದಲ ಮೊಬೈಲು ಕರೆ ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಎರಡೂ ನಮಗೆ ದೂರದ ಮಾತಾಗಿದ್ದವು. ಆಗ ಬರುವ ಕರೆಗೂ ಹಣ ಕೊಡಬೇಕಾಗಿತ್ತು. 2003ರಲ್ಲಿ ಆ ಶುಲ್ಕ ಹೋದ ಮೇಲೆಯೇ ಹೊಟೇಲಿನ ಮಾಣಿಯ ಕಿಸೆಗೂ ಮೊಬೈಲು ಇಳಿದದ್ದು. ‘ಥಾಣೆ ದಾಟಿದ ಕೂಡಲೆ ಒಂದು ಮಿಸ್ಡ್ ಕಾಲ್ ಕೊಡು, ಅಕ್ಕಿ ಇಡುತ್ತೇನೆ’ ಎಂಬ ಏರ್ಪಾಡು ನಮ್ಮ ಮನೆಗಳಲ್ಲಿ ನಡೆಯಿತು. ಒಂದು ಕಾಸೂ ಖರ್ಚಿಲ್ಲದ ಈ ಜಾಣತನವನ್ನು ಬೆಂಗಳೂರಿನ ಜಿಪ್‌ಡಯಲ್ ಎಂಬ ಹೊಸ ಕಂಪೆನಿಯೊಂದು 2010ರಲ್ಲಿ ಉದ್ಯಮವನ್ನಾಗಿಯೇ ಮಾಡಿತು, 2015ರಲ್ಲಿ ಅಮೆರಿಕದ ಟ್ವಿಟರ್ ಅದನ್ನು ಕೊಂಡಿತು. ಬಡವರ ಮಿತವ್ಯಯವೂ ಒಂದು ಶೋಧವೇ ಎಂದು ಲೋಕ ಒಪ್ಪಿದ ಹಾಗಾಯಿತು.

ನೀರು ಕಲಿಸಿದ ಪಾಠ

2004ರ ಡಿಸೆಂಬರ್ 26ರ ಸುನಾಮಿಯ ಬೆನ್ನಿಗೆ ಮುಂಬಯಿಯ ಪೀಟರ್ ಗ್ರಿಫಿನ್, ದೀನಾ ಮೆಹ್ತಾ, ರೋಹಿತ್ ಗುಪ್ತಾ ಎಂಬವರು ಅಂತರಜಾಲದಲ್ಲಿ ಒಂದು ಸಹಾಯ ಪುಟವನ್ನು ತೆರೆದರು. ಕಾಣೆಯಾದವರು ಯಾರು, ಎಲ್ಲಿ ಏನು ಬೇಕು, ಯಾರಲ್ಲಿ ಕೊಡಬೇಕು ಎಂಬ ವಿವರಗಳನ್ನು ದೇಶವಿದೇಶಗಳ ಸ್ವಯಂಸೇವಕರು ಅದರಲ್ಲಿ ಬರೆಯುತ್ತ ಹೋದರು. ಸರಕಾರವಲ್ಲ, ಪತ್ರಿಕೆಯಲ್ಲ, ಕೆಲವು ಮಂದಿ ಖಾಸಗಿ ಜನ.

ಏಳು ತಿಂಗಳು ಕಳೆಯುವಷ್ಟರಲ್ಲಿ ನೀರು ನಮ್ಮ ಬಾಗಿಲಿಗೇ ಬಂತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದ ಮಳೆ 944 ಮಿಲಿಮೀಟರು. ಲೋಕಲುಗಳು ನಿಂತವು. ಫೋರ್ಟಿನಿಂದ, ದಾದರಿನಿಂದ ಹಳಿಯ ಮೇಲೆ ನಡೆದು ಮರುದಿನ ಥಾಣೆ, ಡೊಂಬಿವಲಿಗೆ ಬಂದು ಮುಟ್ಟಿದವರು ನಮ್ಮಲ್ಲಿ ಎಷ್ಟೋ ಮಂದಿ. ಬಹಳ ಕಡೆ ದೂರವಾಣಿ ಸತ್ತಿತ್ತು, ಮೊಬೈಲು ಮೂಕವಾಗಿತ್ತು. ಮನೆಯಲ್ಲಿದ್ದವರಿಗೆ ಹೋದವನ ಸುದ್ದಿಯಿಲ್ಲ, ಹೋದವನಿಗೆ ಮನೆಯ ಸುದ್ದಿಯಿಲ್ಲ. ಆ ರಾತ್ರಿ ದಾರಿಯುದ್ದಕ್ಕೂ ಅಪರಿಚಿತರು ಚಹ ಬಿಸ್ಕತ್ತು ಕೊಟ್ಟು, ಗುಡಿ ಮಸೀದಿ ಶಾಲೆಗಳ ಬಾಗಿಲು ತೆರೆದು ಜನರನ್ನು ಉಳಿಸಿದರು. ಯಂತ್ರ ಸೋತ ಕಡೆ ಮನುಷ್ಯ ನಿಂತ. ಆದರೆ ಮನುಷ್ಯರಿಗೆ ಸರಿಯಾದ ಸುದ್ದಿ ಸಿಕ್ಕಿದ್ದರೆ ಎಷ್ಟೋ ಮಂದಿ ಕಚೇರಿ ಬಿಟ್ಟು ಹೊರಡುತ್ತಲೇ ಇರಲಿಲ್ಲ ಎಂಬ ಕೊರಗು ಉಳಿದೇ ಉಳಿಯಿತು.

ಫಲಕ ಕಿಸೆಗೆ ಬಂದದ್ದು

ಈ ಕೊರಗಿಗೆ ಒಂದಿಷ್ಟು ಉತ್ತರವೆಂಬಂತೆ 2010ರಲ್ಲಿ ಸಚಿನ್ ಟೇಕೆ ಎಂಬ ತರುಣ ಇಂಜಿನಿಯರರು ‘ಎಂ-ಇಂಡಿಕೇಟರ್’ ಎಂಬ ಆ್ಯಪನ್ನು ಹೊರತಂದರು. ಹೆಸರೇ ಎಲ್ಲವನ್ನೂ ಹೇಳುತ್ತದೆ: ಪ್ಲಾಟ್‌ಫಾರ್ಮಿನ ಇಂಡಿಕೇಟರು ಮೊಬೈಲಿಗೆ ಬಂತು. ವೇಳಾಪಟ್ಟಿ ಫೋನಿನೊಳಗೇ ಇರುವುದರಿಂದ ಇಂಟರ್‌ನೆಟ್ ಇಲ್ಲದಿದ್ದರೂ ಅದು ತೆರೆಯುತ್ತಿತ್ತು. ನಮ್ಮ ಜನರ ಕೈಗೆ ಅದು ಹತ್ತಿದ್ದಕ್ಕೆ ಇದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ಮುಂಬ್ರಾದ ಸುರಂಗದಲ್ಲಿ ಸಿಗ್ನಲು ಹೋದರೂ ವೇಳಾಪಟ್ಟಿ ಹೋಗುತ್ತಿರಲಿಲ್ಲ. ಕಲ್ಯಾಣದಲ್ಲಿ ಮನೆ, ನವಿ ಮುಂಬಯಿಯಲ್ಲಿ ನೌಕರಿ ಎಂಬವನಿಗೆ ಥಾಣೆಯಲ್ಲಿ ಗಾಡಿ ಬದಲಿಸುವ ಲೆಕ್ಕ ದಿನನಿತ್ಯದ ತಲೆನೋವು. ಅದು ಬೆರಳ ತುದಿಗೆ ಬಂತು. ಮುಂದೆ ಅದರಲ್ಲಿ ಪ್ರಯಾಣಿಕರೇ ಒಬ್ಬರಿಗೊಬ್ಬರು ಸಂದೇಶ ಬರೆಯುವ ಏರ್ಪಾಡೂ ಬಂತು. ‘ಗಾಡಿ ದಿವಾದ ಹತ್ತಿರ ನಿಂತಿದೆ, ಹೊರಡಬೇಡಿ’ ಎಂದು ಗುರುತಿಲ್ಲದ ಒಬ್ಬ ಬರೆದದ್ದು ಗುರುತಿಲ್ಲದ ಸಾವಿರ ಮಂದಿಗೆ ಉಪಕಾರವಾಯಿತು. ಡಬ್ಬಿಯ ಹಳೆಯ ಬಾಯಿಮಾತೇ ಹೊಸ ವೇಷ ತೊಟ್ಟು ಬಂದದ್ದು ಇದು.

ಖಾಸಗಿಯವರು ತೋರಿಸಿದ ದಾರಿಯಲ್ಲಿ ಸರಕಾರವೂ ಹೆಜ್ಜೆಯಿಟ್ಟಿತು. 2014ರ ಕೊನೆಗೆ ಮೊಬೈಲಿನಲ್ಲಿ ಲೋಕಲಿನ ಟಿಕೆಟು ಕೊಡುವ ಯು.ಟಿ.ಎಸ್. ಆ್ಯಪ್ ಬಂತು, 2015ರಲ್ಲಿ ಕಾಗದವೇ ಬೇಡದ ಟಿಕೆಟು ಬಂತು. 2022ರ ಜುಲೈಯಲ್ಲಿ ಮಧ್ಯ ರೈಲ್ವೆಯ ‘ಯಾತ್ರಿ’ ಆ್ಯಪ್ ಲೋಕಲು ಎಲ್ಲಿದೆಯೆಂದು ನಕ್ಷೆಯ ಮೇಲೆಯೇ ತೋರಿಸತೊಡಗಿತು. 2025ರ ಜುಲೈಯಲ್ಲಿ ಎಲ್ಲ ಸೇವೆಗಳನ್ನೂ ಕೂಡಿಸಿದ ‘ರೈಲ್‌ಒನ್’ ಬಂತು. ಇವೆಲ್ಲದರ ನಡುವೆ ಪರದೆಯೇ ಇಲ್ಲದ ಒಂದು ಸಣ್ಣ ಸಾಧನವನ್ನು ಮರೆಯಬಾರದು. ಪ್ಲಾಟ್‌ಫಾರ್ಮಿನಲ್ಲಿ ಅಂಗವಿಕಲರ ಡಬ್ಬಿ ನಿಲ್ಲುವ ಜಾಗದಲ್ಲಿ ಎಡೆಬಿಡದೆ ‘ಬೀಪ್ ಬೀಪ್’ ಎನ್ನುವ ಪೆಟ್ಟಿಗೆಯದು. ಕಣ್ಣಿದ್ದವರು ಅದರತ್ತ ಲಕ್ಷ್ಯ ಕೊಡುವುದಿಲ್ಲ. ಕಣ್ಣಿಲ್ಲದವರಿಗೆ ಅದೇ ಇಂಡಿಕೇಟರು.

2019ರ ಜುಲೈ 27ರಂದು ಹೊಸ ಸಾಧನಗಳ ಬೆಲೆ ಎಲ್ಲರಿಗೂ ತಿಳಿಯಿತು. ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ-ವಾಂಗಣಿಗಳ ನಡುವೆ ಉಲ್ಹಾಸ ನದಿಯ ಪ್ರವಾಹದಲ್ಲಿ ಸಿಕ್ಕಿಕೊಂಡಿತು. ನಿಪ್ಪಾಣಿ, ಬೆಳಗಾವಿ ಕಡೆಯ ನಮ್ಮವರು ಎಷ್ಟೋ ವರ್ಷಗಳಿಂದ ಹತ್ತುತ್ತ ಬಂದ ಗಾಡಿ ಅದು. ಸುತ್ತ ನೀರು, ಒಳಗೆ ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ ಒಂಬತ್ತು ಮಂದಿ ಗರ್ಭಿಣಿಯರು. ಪ್ರಯಾಣಿಕರು ಕಿಟಕಿಯಿಂದ ತೆಗೆದು ಕಳಿಸಿದ ಚಿತ್ರಗಳನ್ನು ಊರೆಲ್ಲ ನೋಡಿತು. ರಾಷ್ಟ್ರೀಯ ವಿಪತ್ತು ದಳ, ನೌಕಾಪಡೆ, ಅಗ್ನಿಶಾಮಕ ದಳ, ಸುತ್ತಲ ಹಳ್ಳಿಯವರು ಸೇರಿ ಎಲ್ಲರನ್ನೂ ಪಾರು ಮಾಡಿದರು. ಕಲ್ಯಾಣದಿಂದ ವಿಶೇಷ ಗಾಡಿಯೊಂದು ಅವರನ್ನು ಮುಂದಕ್ಕೆ ಕರೆದೊಯ್ದಿತು. 2005ರ ಕತ್ತಲಿಗೂ ಇದಕ್ಕೂ ಎಷ್ಟು ಅಂತರ!

ಹೊರಗುಳಿದವರು

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. 2020ರ ಮಾರ್ಚಿನಲ್ಲಿ ಕೋವಿಡಿನಿಂದ ಲೋಕಲುಗಳು ನಿಂತವು. 2021ರ ಆಗಸ್ಟ್ 15ರಿಂದ ಎರಡು ಲಸಿಕೆ ಪಡೆದ ಸಾಮಾನ್ಯರಿಗೆ ಮತ್ತೆ ಗಾಡಿ ಹತ್ತಲು ಅನುಮತಿ ದೊರೆತಾಗ ಲಸಿಕೆಯ ಪ್ರಮಾಣಪತ್ರವೇ ಪಾಸಿಗೆ ಪಾಸಾಯಿತು. ಆ ಪತ್ರ ಬರುವುದು ಕೋವಿನ್ ಎಂಬ ಜಾಲತಾಣದಿಂದ. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಲಸಿಕೆ ತೆರೆದಾಗ ಮೊದಲು ಅಂತರಜಾಲದಲ್ಲೇ ಹೆಸರು ಬರೆಸಬೇಕೆಂದಿತ್ತು. ಓದು ಬಾರದ, ಫೋನಿಲ್ಲದ ದುಡಿಯುವ ಜನ ಏನು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಕೇಳಬೇಕಾಯಿತು. ಆ ತಾಣಕ್ಕೆ ಕನ್ನಡ ಮುಂತಾದ ಭಾಷೆಗಳು ಸೇರಿದ್ದು ಜೂನ್ ತಿಂಗಳಲ್ಲಿ. ಅಷ್ಟರವರೆಗೆ ನಮ್ಮ ಅಜ್ಜಿಯರು, ಅಡಿಗೆಯವರು, ಕಟ್ಟಡ ಕೆಲಸದ ಉತ್ತರ ಕರ್ನಾಟಕದ ಕೂಲಿಗಳು ಪಕ್ಕದ ಮನೆಯ ಹುಡುಗನ ಬಿಡುವನ್ನೇ ಕಾಯಬೇಕಾಯಿತು.

ಈ ಭಾಷೆಯ ಮಾತು ಬಂದಾಗ ಮುಂಬಯಿ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಹೆಸರಿದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. ಉಚ್ಚಾರಣೆಯಂತೆ ಕನ್ನಡ ಬರೆಯುವ ಅವರ ಕೀಲಿಮಣೆಯ ವಿನ್ಯಾಸವನ್ನೇ ಮುಂದೆ ಕರ್ನಾಟಕ ಸರಕಾರ ಒಪ್ಪಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿತು. ಆದರೂ 2012ರ ಸುಮಾರಿನವರೆಗೆ ಹೆಚ್ಚಿನ ಮೊಬೈಲುಗಳಲ್ಲಿ ಕನ್ನಡವಿರಬೇಕಾದಲ್ಲಿ ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಇಂದು ಊರಿನ ತಾಯಿ ಬರೆದ ಕನ್ನಡ ಅಕ್ಷರ ಕಲ್ಯಾಣದ ಮಗನ ಅಂಗೈಯಲ್ಲಿ ಮೂಡುತ್ತಿದ್ದರೆ ಅದು ತಾನಾಗಿ ಆದದ್ದಲ್ಲ. ಲಾಭದ ಲೆಕ್ಕ ನೋಡದೆ ವರ್ಷಗಟ್ಟಲೆ ಕುಳಿತು ಕೆಲಸ ಮಾಡಿದವರ ಫಲ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲುಗಳ ಬಾಗಿಲಲ್ಲಿ ಜೋತು ನಿಂತಿದ್ದವರು ಹಳಿಗೆ ಬಿದ್ದರು. ಆ ದಿನವೇ ನಾಲ್ವರು ತೀರಿಕೊಂಡರು. ಬಾಗಿಲು ತಾನಾಗಿ ಮುಚ್ಚುವ ಹೊಸ ಗಾಡಿಗಳನ್ನು ತರುವುದಾಗಿ ರೈಲ್ವೆ ಮಂಡಳಿ ಪ್ರಕಟಿಸಿತು. ಸತ್ತವರ ಕಿಸೆಯಲ್ಲೂ ಮೊಬೈಲು ಇದ್ದೀತು, ಗಾಡಿಯ ವೇಳೆ ಅವರಿಗೂ ತಿಳಿದಿದ್ದೀತು. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಫೋನು ಹೇಳಬಲ್ಲದು. ಬಂದ ಗಾಡಿಯಲ್ಲಿ ನಿಲ್ಲಲು ಒಂದು ಗೇಣು ಜಾಗವನ್ನು ಅದು ಕೊಡಲಾರದು. ಅದಕ್ಕೆ ಹಳಿ ಬೇಕು, ಡಬ್ಬಿ ಬೇಕು, ಮನೆಯ ಹತ್ತಿರ ಕೆಲಸ ಬೇಕು. ಆ್ಯಪ್ ಬಂತೆಂದು ಇವುಗಳನ್ನು ಕೇಳುವುದನ್ನು ಬಿಟ್ಟರೆ ನಾವು ಮೋಸಹೋದಂತೆ.

ಹಾಗೆಂದು ಸಾಧನಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಪ್ರತಿಯೊಂದು ಹೊಸ ಫಲಕದ ಕೆಳಗೂ ಅದನ್ನು ಓದಲಾರದ ಒಬ್ಬ ನಿಂತಿರುತ್ತಾನೆ. ಹಿಂದೆ ಅವನು ಪಕ್ಕದವನನ್ನು ‘ಇದು ಫಾಸ್ಟೋ?’ ಎಂದು ಕೇಳುತ್ತಿದ್ದ, ಪಕ್ಕದವನು ಹೇಳುತ್ತಿದ್ದ. ಇಂದು ಪಕ್ಕದವನ ಕಿವಿಯಲ್ಲಿ ಇಯರ್‌ಫೋನಿದೆ. ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಸಂಘಗಳು ಇಲ್ಲೊಂದು ಕೆಲಸ ಮಾಡಬಹುದು. ರಾತ್ರಿಶಾಲೆಗಳನ್ನು ನಡೆಸಿ ಹೊಟೇಲಿನ ಹುಡುಗರಿಗೆ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಅದೇ ಪರಂಪರೆಯಲ್ಲಿ ಭಾನುವಾರ ಒಂದು ಗಂಟೆ, ಸಂಘದ ಸಭಾಗೃಹದಲ್ಲಿ ಒಂದು ಬೆಂಚು, ನಾಲ್ಕು ಮಂದಿ ತರುಣರು, ತಮ್ಮ ಫೋನು ಹಿಡಿದು ಬಂದ ಹಿರಿಯರು - ಇಷ್ಟಾದರೆ ಸಾಕು. ಟಿಕೆಟು ತೆಗೆಯುವುದು, 139ಕ್ಕೆ ಕರೆ ಮಾಡಿ ಸಹಾಯ ಕೇಳುವುದು, ಗುಪ್ತಸಂಖ್ಯೆ ಕೇಳಿದವನಿಗೆ ಕೊಡದಿರುವುದು, ಕನ್ನಡದಲ್ಲಿ ಊರಿಗೆ ನಾಲ್ಕು ಸಾಲು ಬರೆಯುವುದು, ಇವನ್ನು ಕಲಿಸಲು ಬಂಡವಾಳ ಬೇಡ, ಸಹನೆ ಬೇಕು.

ಫಲಕ ಗೋಡೆಯಿಂದ ಅಂಗೈಗೆ ಬಂದಿದೆ. ಅದನ್ನು ಓದಿ ಹೇಳುವ ಬಾಯಿ ಮಾತ್ರ ನಮ್ಮಲ್ಲಿ ಮುಚ್ಚದಿರಲಿ.